ಅವ್ವನ ಸಂಚಿ, ಮಗನ ಪಿಸ್ತೂಲು

ಪುಣೆಯಿಂದ ಫೋನ್ ಬಂದಾಗ ರಾತ್ರಿ ಹತ್ತು ದಾಟಿತ್ತು. ಸಂಗೊಳ್ಳಿ ಕಡೆಯ ಹುಡುಗ, ಅಲ್ಲಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. "ಸರ, ಅವ್ವಗ ಒಂದು ಪಿಸ್ತೂಲ ಕೊಡಸ್ಬೇಕಂತ ಮಾಡೇನ್ರಿ. ಸೀರಿಯೊಳಗ ಕಾಣಬಾರ್ದು, ಬೇಕಂದಾಗ ಲಗೂನ ಕೈಗೆ ಸಿಗಬೇಕು. ಯಾವ್ದು ಚಲೋ ಹೇಳ್ರಿ" ಅಂದ. ಅವನ ಅಪ್ಪ ತೀರಿಕೊಂಡು ಎರಡು ವರ್ಷವಾಗಿದೆ. ಅವ್ವ ಊರಿಂದ ಆಚೆ, ಮಲಪ್ರಭೆಯ ಕಡೆಗಿರುವ ತೋಟದ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಆ ವಾರ ಪಕ್ಕದ ಊರಿನಲ್ಲಿ ಯಾರದೋ ಕೊರಳಿನ ಸರ ಕಿತ್ತುಕೊಂಡು ಹೋದರೆಂಬ ಸುದ್ದಿ ಅವನಿಗೆ ಮುಟ್ಟಿತ್ತು. ಧ್ವನಿಯಲ್ಲೇ ಗೊತ್ತಾಗುತ್ತಿತ್ತು, ಹುಡುಗ ನಿದ್ದೆ ಮಾಡಿರಲಿಲ್ಲ.

ಈ ಪ್ರಶ್ನೆ ನನಗೆ ಹೊಸದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಕಡೆ ಹೋದರೂ ಯಾರೋ ಒಬ್ಬರು ಪಕ್ಕಕ್ಕೆ ಕರೆದು ಇದನ್ನೇ ಕೇಳುತ್ತಾರೆ. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ಹೊಲ ಬಿಟ್ಟು ಬರಲೊಲ್ಲದ ತಾಯಂದಿರು ಇಲ್ಲೇ ಉಳಿದಿದ್ದಾರೆ. ನಡುವೆ ಇರುವ ನಾನೂರು ಕಿಲೋಮೀಟರಿನ ಅಂಜಿಕೆಗೆ ಮಕ್ಕಳು ಮೊಬೈಲಿನಲ್ಲಿ ಮದ್ದು ಹುಡುಕುತ್ತಾರೆ. ಅಲ್ಲಿ ಸಿಗುವುದೆಲ್ಲ ಅಮೆರಿಕದ ಸಲಹೆ. ತಾಯಿಗೆ ಇಂಥ 9 ಎಂಎಂ ಕೊಡಿಸು, ಸೊಂಟಕ್ಕೆ ಇಂಥ ಹೋಲ್‌ಸ್ಟರ್ ಕಟ್ಟು ಅನ್ನುವ ವಿಡಿಯೊಗಳು. ಆ ಹುಡುಗ ಅಂಥ ಮೂರು ವಿಡಿಯೊ ನನಗೂ ಕಳಿಸಿದ.

ಅವನಿಗೆ ನಾನು ಮೊದಲು ಹೇಳಿದ್ದು ಕಾನೂನಿನ ಒಂದೇ ಮಾತು. ನೀನು ಅವ್ವನಿಗೆ ಸೀರೆ ಕೊಡಿಸಿದ ಹಾಗೆ ಪಿಸ್ತೂಲು ಕೊಡಿಸಲು ಬರುವುದಿಲ್ಲ. ನಮ್ಮಲ್ಲಿ ಬಂದೂಕು ಮನೆಯದಲ್ಲ, ಒಬ್ಬ ಮನುಷ್ಯನದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರಷ್ಟೇ ಅದನ್ನು ಇಟ್ಟುಕೊಳ್ಳಬಹುದು. ಅರ್ಜಿ ಹಾಕಬೇಕಾದವರು ಅವ್ವ. ಪೊಲೀಸರು ವಿಚಾರಣೆ ಮಾಡುವುದು ಅವ್ವನನ್ನು. ದೇಹ, ಮನಸ್ಸು ಎರಡೂ ಗಟ್ಟಿ ಇವೆ ಎಂದು ವೈದ್ಯರು ಬರೆದುಕೊಡಬೇಕಾದದ್ದು ಅವ್ವನಿಗೆ. 2016ರ ನಿಯಮಗಳು ಬಂದ ಮೇಲೆ ಸುರಕ್ಷಿತವಾಗಿ ಬಳಸುವ ತರಬೇತಿಯೂ ಅವ್ವನದೇ ಆಗಬೇಕು. ಅಷ್ಟೆಲ್ಲ ಮುಗಿದ ಮೇಲೆ, ನಿಜವಾಗಿ ಬೇಕೇ ಎಂದು ಜಿಲ್ಲಾಧಿಕಾರಿಗಳು ಅಳೆದು ನೋಡುತ್ತಾರೆ. ಕೊಟ್ಟರೆ ಐದು ವರ್ಷಕ್ಕೆ. ಮೊದಲು ಮೂರು ವರ್ಷ ಇತ್ತು, 2019ರ ತಿದ್ದುಪಡಿ ಐದು ಮಾಡಿತು. ಇನ್ನು ವಿಡಿಯೊದ 9 ಎಂಎಂ ಸೈನ್ಯ, ಪೊಲೀಸರದು. ಸಾಮಾನ್ಯ ನಾಗರಿಕರ ಲೈಸೆನ್ಸಿಗೆ ಅದು ನಿಷಿದ್ಧ.

"ಹಂಗಾದ್ರ ಯಾರ ಹತ್ರಾರ ಕಂಟ್ರಿ ಪಿಸ್ತೂಲ ಸಿಗತಾವಂತಲ್ರಿ?" ಎಂದು ಕೇಳುವವರೂ ಇದ್ದಾರೆ. ಅವರಿಗೆ ಕೈಮುಗಿದು ಹೇಳುತ್ತೇನೆ, ಆ ದಾರಿ ಹಿಡಿಯಬೇಡಿ. ಲೈಸೆನ್ಸ್ ಇಲ್ಲದ ಆಯುಧ ಮನೆಯಲ್ಲಿ ಸಿಕ್ಕರೆ ಕನಿಷ್ಠ ಎರಡು ವರ್ಷ ಜೈಲು, ಐದರವರೆಗೂ ಹೋಗಬಹುದು. ಜೈಲಿಗೆ ಹೋಗುವವರು ಅದನ್ನು ತಂದುಕೊಟ್ಟ ಮಗನಷ್ಟೇ ಅಲ್ಲ, ತಿಜೋರಿಯಲ್ಲಿ ಇಟ್ಟುಕೊಂಡ ಅವ್ವನೂ ಹೌದು. ಅದರ ನಳಿಗೆ ಎಂಥ ಕಬ್ಬಿಣದ್ದೋ ಯಾರೂ ಹೇಳಲಾರರು. ಎದುರಿದ್ದವರಿಗಿಂತ ಹಿಡಿದವರ ಕೈಯನ್ನೇ ಅದು ಮೊದಲು ಸೀಳಬಹುದು.

ಸರಕಾರದ ಅಪ್ಪಣೆ ಇಲ್ಲದೆ ಆಯುಧ ಮುಟ್ಟಬಾರದೆನ್ನುವ ಮಾತು ನಮ್ಮ ಈ ನೆಲದಲ್ಲಿ ಬರೇ ಕಾಗದದ ಮಾತಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಇಂಗ್ಲಿಷರ ಅಧಿಕಾರಿ ಥ್ಯಾಕರೆಯನ್ನು ಕೆಡವಿದ್ದು ಅಮಟೂರು ಬಾಳಪ್ಪನ ಗುಂಡು. ಅಮಟೂರು ನಮ್ಮ ಬೈಲಹೊಂಗಲ ತಾಲ್ಲೂಕಿನ ಹಳ್ಳಿಯೇ. ಸಂಗೊಳ್ಳಿ ರಾಯಣ್ಣನ ಮನೆತನಕ್ಕೆ ಇದ್ದ ಭೂಮಿ ಆಯುಧ ಹಿಡಿದು ಮಾಡುವ ಸೇವೆಗೆ ಸಿಕ್ಕ ಮಾನ್ಯ. ಆ ಭೂಮಿಯ ತಕರಾರಿನಲ್ಲಿ ಕುಲಕರ್ಣಿ ರಾಯಣ್ಣನ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೇರಿಸಿದನೆಂದು ನಮ್ಮ ಕಡೆಯ ಜನ ಇಂದಿಗೂ ಹೇಳುತ್ತಾರೆ. ಮಗ ಕತ್ತಿ ಹಿಡಿಯಲು ಅವ್ವನಿಗಾದ ಅವಮಾನವೂ ಒಂದು ಕಾರಣ ಎಂದು ಈ ಊರು ನಂಬುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಮೇಲೆ 1857ರಲ್ಲಿ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂತು. ರಾಮದುರ್ಗದಿಂದ ಬಹಳ ದೂರವಿಲ್ಲದ ಹಲಗಲಿಯ ಬೇಡರು ಕೊಡೆವು ಎಂದು ನಿಂತರು. ಆ ನವೆಂಬರಿನಲ್ಲಿ ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಗಲ್ಲುಗಳಾದವು. ಆ ಕತೆಯ ಲಾವಣಿಯನ್ನು ಹುಡುಕಿ ಬರೆದಿಟ್ಟದ್ದು ಇಂಗ್ಲಿಷರದೇ ಅಧಿಕಾರಿ ಫ್ಲೀಟ್. 1878ರ ಶಸ್ತ್ರಾಸ್ತ್ರ ಕಾಯ್ದೆ ಆ ಬಿಗಿಯನ್ನು ಇಡೀ ದೇಶಕ್ಕೆ ಗಂಟು ಹಾಕಿತು, ಇವತ್ತಿನ ಲೈಸೆನ್ಸ್ ಅದರ ಬೆನ್ನಿಗೇ ಬಂದದ್ದು. ಕರ್ನಾಟಕದಲ್ಲಿ ಅದರಿಂದ ಹೊರಗುಳಿದವರು ಕೊಡವರು ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರು. 2021ರಲ್ಲಿ ಹೈಕೋರ್ಟೂ ಆ ವಿನಾಯಿತಿಯನ್ನು ಎತ್ತಿ ಹಿಡಿಯಿತು.

ಇದನ್ನೆಲ್ಲ ಹೇಳಿದ ಮೇಲೂ ಹುಡುಗ ಪಟ್ಟು ಬಿಡಲಿಲ್ಲ. ಆದ್ದರಿಂದ ಒಂದು ಭಾನುವಾರ ಅವನ ಜೊತೆ ತೋಟದ ಮನೆಗೆ ಹೋದೆ. ನಮ್ಮ ಓಣಿಯ ಹವಾಲ್ದಾರ ಕಾಕಾನನ್ನೂ ಕರೆದುಕೊಂಡು ಹೋದೆ. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು ಬಂದವರು, ಆಯುಧದ ವಿಷಯದಲ್ಲಿ ಒಂದು ಮಾತೂ ಹೆಚ್ಚು ಆಡದವರು. ಅವ್ವನಿಗೆ ಅರವತ್ತೆರಡು. ಇಲಕಲ್ಲ ಸೀರೆ, ಖಣದ ಕುಬಸ, ಟೊಂಕಕ್ಕೆ ಸಿಗಿಸಿದ ಸಂಚಿ. ಚಹಾ ಕೊಟ್ಟು ಕಟ್ಟೆಯ ಮೇಲೆ ಕೂತರು. ಮಗ ಮೊಬೈಲ್ ತೆಗೆದು ಚಿತ್ರ ತೋರಿಸಲು ಹೊರಟ. ಕಾಕಾ ಅವನ ಕೈ ತಡೆದು, "ತಡಿಯಪಾ, ಮೊದಲ ಅವ್ವನ ಕೈ ನೋಡೋಣು" ಅಂದರು.

ಒಂದು ಬಕೆಟಿನಲ್ಲಿ ಐದು ಲೀಟರ್ ನೀರು ತರಿಸಿದರು. ಅದರ ಹಿಡಿಕೆಯನ್ನು ತೋರುಬೆರಳೊಂದರಲ್ಲೇ ಕೊಕ್ಕೆ ಹಾಕಿ ಎತ್ತಿ ಹಿಡಿಯಬೇಕು, ಕೈ ನಡುಗಬಾರದು. ರಿವಾಲ್ವರಿನ ಟ್ರಿಗರನ್ನು ನೇರವಾಗಿ ಎಳೆದು ಗುಂಡು ಹೊಡೆಯಲು ಹೆಚ್ಚುಕಡಿಮೆ ಅಷ್ಟೇ ಬಲ ಬೇಕು, ನಾಲ್ಕೂವರೆಯಿಂದ ಐದೂವರೆ ಕಿಲೋ. ಎತ್ತುವುದೇ ಬೇರೆ, ಎಳೆಯುವುದೇ ಬೇರೆ, ನಿಜ. ಆದರೆ ಬೆರಳಿಗೆ ಎಷ್ಟು ಶಕ್ತಿ ಉಳಿದಿದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ನಾನು ಕಂಡಿಲ್ಲ. ಸಂಧಿವಾತದ ಬೆರಳಾದರೆ ಅಲ್ಲಿಗೇ ಮಾತು ಮುಗಿಯುತ್ತದೆ. ಟ್ರಿಗರ್ ಎಳೆಯುವಾಗ ಇಡೀ ಕೈ ಹೊರಳುತ್ತದೆ, ನಳಿಗೆ ಎಲ್ಲೋ ಹೋಗುತ್ತದೆ. ಈ ಅವ್ವ ಎತ್ತು ಹೂಡಿದ ಕೈಯವರು. ಬಕೆಟ್ ಎತ್ತಿ, "ಇಷ್ಟ ಏನು?" ಎಂದು ಕೇಳಿದರು.

ರಿವಾಲ್ವರೋ ಪಿಸ್ತೂಲೋ ಅನ್ನುವುದಕ್ಕೂ ಉತ್ತರ ಕೈಯಲ್ಲೇ ಇದೆ. ಪಿಸ್ತೂಲಿನ ಮೇಲಿನ ಸ್ಲೈಡನ್ನು ಬಿಗಿ ಸ್ಪ್ರಿಂಗಿನ ವಿರುದ್ಧ ಹಿಂದಕ್ಕೆ ಎಳೆಯಬೇಕು. ವಯಸ್ಸಾದ ಹೆಣ್ಣುಮಕ್ಕಳಿಗೆ ಕಷ್ಟವಾಗುವುದು ಅಲ್ಲೇ. ಇನ್ನೊಂದು ಅಪಾಯವೂ ಉಂಟು. ಮ್ಯಾಗಜಿನ್ ತೆಗೆದೆವು, ಖಾಲಿಯಾಯಿತು ಅಂದುಕೊಳ್ಳುತ್ತೇವೆ, ಒಂದು ತೋಟಾ ನಳಿಗೆಯೊಳಗೇ ಉಳಿದಿರುತ್ತದೆ. ರಿವಾಲ್ವರಿನಲ್ಲಿ ತಿರುಗಣಿ ಬಿಚ್ಚಿದರೆ ಆರೂ ಮನೆ ಕಣ್ಣಿಗೆ ಕಾಣುತ್ತವೆ, ತುಂಬಿದೆಯೋ ಬರಿದೋ ಸಂಶಯವಿರುವುದಿಲ್ಲ. ಅಪರೂಪಕ್ಕೆ ಮುಟ್ಟುವವರಿಗೆ ರಿವಾಲ್ವರೇ ವಾಸಿ ಎನ್ನುವುದು ಕಾಕಾನ ಮಾತು, ನನಗೂ ಅದು ಸರಿ ಅನ್ನಿಸುತ್ತದೆ.

2012ರ ಡಿಸೆಂಬರಿನ ದಿಲ್ಲಿಯ ಕ್ರೌರ್ಯದ ನಂತರ ಹೆಣ್ಣುಮಕ್ಕಳಿಗೆಂದೇ ಒಂದು ರಿವಾಲ್ವರ್ ಬಂತು. 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಹೊರತಂದ ಅದರ ಹೆಸರು 'ನಿರ್ಭೀಕ್'. .32 ಬೋರ್, ತೂಕ ಸುಮಾರು ಅರ್ಧ ಕಿಲೋ, ಆಗಿನ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮೇಲೆ. ಎರಡು ಎಕರೆಯ ಮುದುಕಿ ಆ ದುಡ್ಡು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅದಕ್ಕಿಂತ ಹಗುರದ, ಅಗ್ಗದ .22 'ನಿಡರ್' ಆಮೇಲೆ ಬಂತು. 2023ರಲ್ಲಿ 'ಪ್ರಬಲ್' ಬಂತು. ಹಗುರ ಎಂದರೆ ಹೆಣ್ಣುಮಕ್ಕಳಿಗೆ ಅನುಕೂಲ ಎಂದು ಅಂಗಡಿಯವರು ಹೇಳುತ್ತಾರೆ. ಹೊತ್ತುಕೊಂಡು ತಿರುಗಲು ಹೌದು, ಹೊಡೆಯಲು ಅಲ್ಲ. ಗುಂಡು ಒಂದೇ ಆದಾಗ ಆಯುಧ ಹಗುರವಾದಷ್ಟೂ ಅಂಗೈಗೆ ಬೀಳುವ ಒದೆತ ಜೋರು. ಮೊದಲ ಗುಂಡಿಗೇ ಕೈ ನೊಂದರೆ ಎರಡನೆಯ ಸಲ ಟ್ರಿಗರ್ ಮುಟ್ಟುವ ಮುಂಚೆ ಕಣ್ಣು ತಾನೇ ಮುಚ್ಚುತ್ತದೆ. ಅದಕ್ಕೇ ಹಿಡಿ ಅಂಗೈ ತುಂಬುವಂತಿರಬೇಕು, ತೂಕ ಸ್ವಲ್ಪ ಇರಬೇಕು, ಒದೆತ ಕಡಿಮೆ ಇರಬೇಕು. ಕೈಗೆ ಹಿಡಿದು ನೋಡದೆ ಚಿತ್ರ ನೋಡಿ ಆರಿಸಿದ ಆಯುಧ ಬೇರೆಯವರ ಅಳತೆಯ ಚಪ್ಪಲಿಯ ಹಾಗೆ.

ಹೋಲ್‌ಸ್ಟರಿನ ಮಾತು ಬಂದಾಗ ಅವ್ವ ನಡುವೆ ಬಾಯಿ ಹಾಕಿದರು. "ಮರಿ ಮಾಡಿ ಇಟ್ಕೊಳ್ಳಾಕ ನನಗ ಯಾರ್ ಕಲಿಸ್ಬೇಕೋ?" ಎಂದು ಸಂಚಿ ತೆಗೆದು ತೋರಿಸಿದರು. ಒಂದರೊಳಗೊಂದು ನಾಲ್ಕು ಅರೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ನೋಟು, ಚಾವಿ. ಲಾಡಿ ಎಳೆದರೆ ಬಾಯಿ ಮುಚ್ಚಿತು, ಟೊಂಕಕ್ಕೆ ಸಿಗಿಸಿದರೆ ಇದ್ದದ್ದೇ ಗೊತ್ತಾಗುವುದಿಲ್ಲ. ಮಗನ ಮುಖ ಅರಳಿತು. ಪಿಸ್ತೂಲಿಗೂ ಅಂಥದೇ ಒಂದು ಚೀಲ ಹೊಲಿಸಿದರಾಯಿತು ಎನ್ನುವಂತೆ ನನ್ನ ಕಡೆ ನೋಡಿದ.

ಅಲ್ಲೇ ಇದೆ ಅಪಾಯ. ಎಲೆ, ಅಡಿಕೆ, ಚಾವಿಯ ಜೊತೆ ಪಿಸ್ತೂಲು ಇರಕೂಡದು. ಚೀಲದೊಳಗೆ ಕೈ ಹಾಕಿ ತಡಕಾಡುವಾಗ ಬೆರಳೋ ಚಾವಿಯ ಗೊಂಚಲೋ ಟ್ರಿಗರಿಗೆ ಸಿಕ್ಕರೆ ಮುಗಿಯಿತು. ಒಳ್ಳೆಯ ಹೋಲ್‌ಸ್ಟರಿನ ಮೊದಲ ಕೆಲಸ ಬಚ್ಚಿಡುವುದಲ್ಲ, ಟ್ರಿಗರನ್ನು ಗಟ್ಟಿ ವಸ್ತುವಿನಿಂದ ಪೂರ್ತಿ ಮುಚ್ಚುವುದು. ಎರಡನೆಯದು, ಓಡಿದರೂ ಬಗ್ಗಿದರೂ ಆಯುಧ ಜಾರದಂತೆ ಹಿಡಿಯುವುದು. ಮೂರನೆಯದು, ಒಂದೇ ಕೈಯಲ್ಲಿ ಹೊರಬರುವುದು ಮತ್ತು ಒಳಗಿಡುವಾಗ ಬಾಯಿ ಮಡಚಿಕೊಳ್ಳದಿರುವುದು. ಮೆತ್ತನೆಯ ಬಟ್ಟೆಯ ಚೀಲ ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ. 2014ರ ಡಿಸೆಂಬರ್ ಕೊನೆಗೆ ಅಮೆರಿಕದ ಐಡಹೊ ರಾಜ್ಯದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲದಿಂದ ಪಿಸ್ತೂಲು ಹೊರತೆಗೆಯಿತು, ಗುಂಡು ತಾಯಿಗೇ ತಗುಲಿ ಆಕೆ ಅಲ್ಲೇ ಸತ್ತಳು. ಆ ಚೀಲ ಪಿಸ್ತೂಲು ಬಚ್ಚಿಡಲೆಂದೇ ಮಾಡಿದ್ದಾಗಿತ್ತು. ಆಕೆಗೆ ಲೈಸೆನ್ಸ್ ಇತ್ತು, ಬಳಸುವುದೂ ಗೊತ್ತಿತ್ತು. ಇಷ್ಟು ವರ್ಷವಾದರೂ ಆ ಸುದ್ದಿ ನನ್ನನ್ನು ಬಿಟ್ಟಿಲ್ಲ. ದೀಪಾವಳಿಗೆ ಮೊಮ್ಮಕ್ಕಳು ಬಂದಾಗ ಅವು ಮೊದಲು ಕೈ ಹಾಕುವುದು ಅಜ್ಜಿಯ ಸಂಚಿಗೇ ಅಲ್ಲವೇ?

ನಮ್ಮ ಕಾನೂನೂ ಮುಚ್ಚಿಟ್ಟೇ ಒಯ್ಯಬೇಕೆಂದು ಹೇಳುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲೋ ಅಂಥ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಹೊತ್ತವರ ಹಿಡಿತದಲ್ಲೇ ಇರಬೇಕು. ಜಾತ್ರೆಯಲ್ಲಿ, ಮದುವೆಯಲ್ಲಿ ಝಳಪಿಸುವ ಹಾಗಿಲ್ಲ. ಗುಂಡು ಹಾರಿಸಿ ಸಂಭ್ರಮಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸರಿ, ಮುಚ್ಚಿಡೋಣ. ಸೀರೆಯಲ್ಲಿ ಎಲ್ಲಿ? ಗಟ್ಟಿ ಹೋಲ್‌ಸ್ಟರ್ ನಿಲ್ಲಲು ಗಟ್ಟಿ ಬೆಲ್ಟ್ ಬೇಕು. ಸೀರೆಯ ನಿರಿಗೆಗೆ ಆ ತೂಕ ತಡೆಯುವ ಶಕ್ತಿ ಇಲ್ಲ. ಹಿಂದೆ ಸಿಗಿಸಿದರೆ ಕೂತಾಗ ಚುಚ್ಚುತ್ತದೆ, ಬದಿಗೆ ಸಿಗಿಸಿದರೆ ಸೆರಗಿನಡಿ ಕೈ ಹೋಗುವಷ್ಟರಲ್ಲಿ ಹೊತ್ತಾಗಿರುತ್ತದೆ. 2018ರಲ್ಲಿ ಕರ್ನಾಟಕ ಪೊಲೀಸ್ ಇಲಾಖೆಯೇ ಮಹಿಳಾ ಸಿಬ್ಬಂದಿ ಸೀರೆ ಬಿಟ್ಟು ಪ್ಯಾಂಟು ಅಂಗಿ ತೊಡಬೇಕೆಂದು ಆದೇಶ ಹೊರಡಿಸಿತು. ಓಡಲು, ಕಳ್ಳರನ್ನು ಹಿಡಿಯಲು ಸೀರೆ ತೊಡಕು ಎಂದು ಅವರಿಗೇ ಅನ್ನಿಸಿತ್ತು. ಇನ್ನು ನಮ್ಮ ಅವ್ವ ಹಾಲು ಕರೆಯುವಾಗ, ಕಳೆ ಕೀಳುವಾಗ, ಗುಡ್ಡಕ್ಕೆ ಎಲ್ಲಮ್ಮನ ದರ್ಶನಕ್ಕೆ ಹೋಗುವಾಗ ಅದನ್ನು ಹೇಗೆ ಹೊತ್ತು ತಿರುಗಬೇಕು? ಸೀರೆ ಉಡುವವರಿಗೆ ಮೈಮೇಲೆ ಪಿಸ್ತೂಲು ಹೊರುವ ಸುರಕ್ಷಿತ ದಾರಿ ನನಗೆ ಇದುವರೆಗೂ ಕಂಡಿಲ್ಲ.

ಇದರ ಜೊತೆ ಇನ್ನೂ ಕೆಲವು ಮಾತುಗಳಿವೆ. ಕೈ ಪಳಗಬೇಕಾದರೆ ಆಗಾಗ ಗುಂಡು ಹೊಡೆದು ರೂಢಿಯಾಗಬೇಕು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗಳೊಬ್ಬಳು ತಿಂಗಳಿಗೊಮ್ಮೆಯಾದರೂ ಹೋಗಿ ಅಭ್ಯಾಸ ಮಾಡುವಂಥ ಜಾಗ ಹತ್ತಿರದಲ್ಲಿಲ್ಲ. ಹಲವು ಜಿಲ್ಲೆಗಳಲ್ಲಿ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಒಳ್ಳೆಯದು, ಹೆಣ್ಣುಮಕ್ಕಳು ಅದಕ್ಕೆ ಹೆಸರು ಕೊಡಬೇಕು, ಆದರೆ ಅದು ಕೆಲವೇ ದಿನಗಳದು. ಚುನಾವಣೆ ಘೋಷಣೆಯಾದರೆ ಆಯುಧ ಠಾಣೆಗೆ ಒಪ್ಪಿಸಿ ಎಂಬ ಆದೇಶ ಬರುತ್ತದೆ, ಆಗ ಅದನ್ನೇ ನಂಬಿದವರು ಬರಿಗೈಯಲ್ಲಿರುತ್ತಾರೆ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಅಪಾಯ ಕಣ್ಣೆದುರು ಇರುವಾಗ, ಅದನ್ನು ತಡೆಯಲು ಬೇಕಾದಷ್ಟೇ ಬಲ ಬಳಸಬಹುದು ಎನ್ನುವುದು ಅದರ ತಿರುಳು. ಸರ ಕಿತ್ತುಕೊಂಡು ಓಡಿದವನ ಬೆನ್ನಿಗೆ ಗುಂಡು ಹೊಡೆದರೆ ಕೋರ್ಟಿನ ಕಟ್ಟೆ ಹತ್ತುವವರು ಅವ್ವನೇ. ಮನೆಯೊಳಗಿನ ಆಯುಧ ಕಳ್ಳನಿಗಿಂತ ಹೆಚ್ಚಾಗಿ ಮನೆಯವರನ್ನೇ ಸುಡುತ್ತದೆ ಎಂಬ ಅಂಜಿಕೆಗೂ ಆಧಾರವಿದೆ. 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನವೊಂದು, ಬಂದೂಕು ಇರುವ ಮನೆಗಳಲ್ಲಿ ಕೊಲೆಯಾಗುವ ಅಪಾಯ ಎರಡೂವರೆ ಪಟ್ಟಿಗೂ ಹೆಚ್ಚೆಂದು ಕಂಡಿತು. ಒಂಟಿತನ, ಸಾಲ, ಬೇಸರ ಕವಿದ ರಾತ್ರಿಗಳು ನಮ್ಮ ರೈತರ ಮನೆಗಳಲ್ಲಿ ಕಡಿಮೆಯೇ? ಅಂಥ ರಾತ್ರಿ ತಿಜೋರಿಯಲ್ಲಿ ತುಂಬಿದ ರಿವಾಲ್ವರ್ ಇರುವುದನ್ನು ನೆನೆದರೆ ನನಗೆ ಎದೆ ಝಲ್ಲೆನ್ನುತ್ತದೆ.

ಸಂಚಿ ತೋರಿಸಿದ ಮೇಲೆ ಅವ್ವ ಸುಮ್ಮನಿದ್ದರು. ಯಾರೂ ಅವರನ್ನು ಏನೂ ಕೇಳಿರಲಿಲ್ಲ. ನಾನೇ ಕೇಳಿದೆ, "ನಿಮಗ ಅಂಜಿಕಿ ಯಾತರದರೀ ಅವ್ವಾರ?"

ಅವರು ಹೇಳಿದ್ದರಲ್ಲಿ ಸರಗಳ್ಳರು ಕೊನೆಗೆ ಬಂದರು. ಮೊದಲು ಬಂದದ್ದು ಹಂದಿ. ಜೋಳ ತೆನೆಗಟ್ಟಿದಾಗ ರಾತ್ರಿ ಹಿಂಡು ಬರುತ್ತದೆ, ಒಬ್ಬರೇ ಹೊರಗೆ ಹೋಗಲಾಗುವುದಿಲ್ಲ. ಆಮೇಲೆ ಕರೆಂಟು. ಅಂಗಳದ ದೀಪ ಕೆಟ್ಟು ಮೂರು ತಿಂಗಳಾಗಿದೆ. ಹಿತ್ತಲ ಬಾಗಿಲ ಚಿಲಕ ಸಡಿಲ. ಇದ್ದ ನಾಯಿ ಹೋದ ಮೇಲೆ ಇನ್ನೊಂದು ಸಾಕಿಲ್ಲ. ಮೊಬೈಲಿನಲ್ಲಿ 112 ಒತ್ತಿದರೆ ಪೊಲೀಸರು ಬರುತ್ತಾರೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಗ ತಲೆ ತಗ್ಗಿಸಿ ಕೇಳುತ್ತಿದ್ದ.

ಆಮೇಲೆ ಅವ್ವ ಒಂದು ಮಾತು ಹೇಳಿದರು. "ನಿಮ್ಮಪ್ಪನ ಬಂದೂಕ ಏನಾತೋ?"

ಅಪ್ಪನ ಹೆಸರಿನಲ್ಲಿ ಬೆಳೆ ಕಾಯಲು ತೆಗೆದುಕೊಂಡ ಜೋಡುನಳಿಗೆಯ ಬಂದೂಕು ಇತ್ತಂತೆ. ಅವರು ತೀರಿಕೊಂಡಾಗ ಕಾಯ್ದೆಯ ಪ್ರಕಾರ ಠಾಣೆಗೆ ಒಪ್ಪಿಸಿದ್ದು, ಎರಡು ವರ್ಷದಿಂದ ಅಲ್ಲೇ ಠೇವಣಿಯಲ್ಲಿದೆ. ಮಗ ಅದನ್ನು ಮರೆತೇ ಬಿಟ್ಟಿದ್ದ. ಅವ್ವ ಮರೆತಿರಲಿಲ್ಲ. ಗಂಡನ ಜೊತೆ ಮೂವತ್ತು ವರ್ಷ ಮಂಚಿಕೆಯ ಮೇಲೆ ಕೂತು ರಾತ್ರಿ ಕಳೆದವರು, ಅದರ ಸದ್ದಿಗೆ ಹಂದಿ ಹಿಂಡು ಎತ್ತ ಓಡುತ್ತದೆಂದು ಬಲ್ಲವರು. ಕಾಕಾ ಈಗ ಮೊದಲ ಸಲ ನಕ್ಕರು. ಬಚ್ಚಿಡಬೇಕಾದ ಆಯುಧವಲ್ಲ ಅದು, ಹೋಲ್‌ಸ್ಟರ್ ಬೇಡ. ಭುಜಕ್ಕೆ ಒರಗಿಸಿ ಹಿಡಿಯುವುದರಿಂದ ಗುರಿಯೂ ನಿಲ್ಲುತ್ತದೆ. ಮೊಮ್ಮಗು ಸಂಚಿಯಿಂದ ಎಳೆದು ತೆಗೆಯುವಂಥದಲ್ಲ. ಇಷ್ಟೆಲ್ಲ ಕಾಕಾ ಮಗನಿಗೆ ಹೇಳುತ್ತಿದ್ದರೆ ಅವ್ವ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಹಳೇ ಲೈಸೆನ್ಸ್ ಪುಸ್ತಕ ತಂದರು, ಅರಿಶಿನದ ಬಟ್ಟೆಯಲ್ಲಿ ಸುತ್ತಿದ್ದು.

ಈ ದಾರಿ ಗೊತ್ತಿಲ್ಲದವರು ಬಹಳ. ಲೈಸೆನ್ಸುದಾರರು ತೀರಿಕೊಂಡರೆ ಆಯುಧವನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಡಬೇಕು. ವಾರಸುದಾರರು, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೋಡಿಸಿ, ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಬದುಕಿದ್ದಾಗಲೇ ಕೊಡಬೇಕೆಂದರೆ ಎಪ್ಪತ್ತು ವರ್ಷ ತುಂಬಿದವರು, ಇಲ್ಲವೇ ಇಪ್ಪತ್ತೈದು ವರ್ಷ ಆಯುಧ ಇಟ್ಟುಕೊಂಡವರು, ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಹಾಕಬಹುದು. ನಮ್ಮ ಕಡೆ ಈ ಅರ್ಜಿ ಹೋಗುವುದು ಬಹುಮಟ್ಟಿಗೆ ಗಂಡುಮಕ್ಕಳ ಹೆಸರಿನಲ್ಲಿ. ಹೊಲದಲ್ಲಿ ಇರುವವಳು ತಾಯಿ, ಬಂದೂಕು ಮಾತ್ರ ಪುಣೆಯಲ್ಲಿರುವ ಮಗನ ಹೆಸರಿಗೆ. ಬೆಳವಡಿ ಮಲ್ಲಮ್ಮ ಹೆಣ್ಣುಮಕ್ಕಳ ಪಡೆ ಕಟ್ಟಿದಳೆಂದು ಹೆಮ್ಮೆಪಡುವ ತಾಲ್ಲೂಕಿನಲ್ಲಿ ಹೀಗೆ ಆಗಬಾರದಿತ್ತು.

ಹುಡುಗ ಇನ್ನೆರಡು ದಿನ ರಜೆ ಹಾಕಿದ. ಅಂಗಳಕ್ಕೆ ಎರಡು ದೀಪ ಹಾಕಿಸಿದ, ಹಿತ್ತಲ ಬಾಗಿಲಿಗೆ ಕಬ್ಬಿಣದ ಅಡ್ಡಪಟ್ಟಿ ಬಂತು, ಕಾಕಾನ ಮನೆಯಿಂದ ಒಂದು ನಾಯಿಮರಿ ಹೋಯಿತು. 112 ಒತ್ತುವುದನ್ನು ಮಗ ಕಲಿಸಿಕೊಟ್ಟ. ತರಬೇತಿಗೆ ಹೆಸರು ಬರೆಸಲು, ಅರ್ಜಿ ತುಂಬಲು ಅವ್ವ ತಾವೇ ಬೆಳಗಾವಿಗೆ ಹೊರಟರು. ಬಂದೂಕು ಮನೆಗೆ ಬಂದರೆ ಇಡುವುದೆಲ್ಲಿ ಎಂದು ಕಾಕಾ ಕೇಳಿದರು. ತಿಜೋರಿಯನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಸುವುದು, ಬಂದೂಕು ಅದರಲ್ಲಿ, ತೋಟಾ ಬೇರೆ ಡಬ್ಬಿಯಲ್ಲಿ, ಡಬ್ಬಿಗೆ ಬೇರೆ ಕೀಲಿ ಎಂದು ಗೊತ್ತಾಯಿತು. "ಎರಡೂ ಚಾವಿ ನನ್ನ ಕಡೆ ಕೊಡ್ರಿ" ಎಂದು ಅವ್ವ ಸಂಚಿಯ ಎಲ್ಲಕ್ಕೂ ಒಳಗಿನ ಅರೆ ಬಿಚ್ಚಿ, ಅದರಲ್ಲಿದ್ದ ನೋಟುಗಳನ್ನು ಮೇಲಿನ ಅರೆಗೆ ಸರಿಸಿ ಜಾಗ ಮಾಡಿದರು.